ಬರ್ತೀನಿ ಅನ್ನದ ಹೋದವರು

ಸತ್ತವರು ಯಾರೂ ಇಲ್ಲ. ಓದಾಕ ಬರದ ನಾಕು ಹೆಂಗಸರು ಒಂದು ಫ್ಲೆಕ್ಸ್ ನೋಡಿ ತಪ್ಪು ತಿಳಕೊಂಡರು, ಅಷ್ಟ. ನಮ್ಮದು ಗಡಿ ಆಚೆ ಊರು, ಫ್ಲೆಕ್ಸ್ ಮರಾಠಿಯೊಳಗಿತ್ತು. ನಾನೂ ಎರಡನೇತ್ತಾ ತನಕ ಕನ್ನಡ ಸಾಲಿ ಕಲಿತಾಕಿ, ಮರಾಠಿ ಮಾತಾಡತೀನಿ, ಓದಾಕ ಬರೂದಿಲ್ಲ.

ನನ್ನ ಮೊಮ್ಮಗಳು ಪೇಪರಿಗೆ ಸುದ್ದಿ ಬರಿಯಾಕಿ. ಆಕಿ ಕಲಿತ ವಿದ್ಯಾಪೀಠದವರು, ಪದವಿ ಕೊಡೋ ದಿನ ಬಂದು ನೀನ ಭಾಷಣ ಮಾಡು ಅಂತ ಕರದಿದ್ದರು. ಊರವರು ಬಸ್ ಸ್ಟ್ಯಾಂಡಿನಾಗ ಆಕಿ ಫೋಟೋ ಹಾಕತೀವಿ ಅಂದರು. ಹಾಕ್ರಿ ಅಂದೆ. ಮೊಣಕಾಲ ನೋವು, ಫ್ಲೆಕ್ಸ್ ನೋಡಾಕ ಹೋಗಲಿಲ್ಲ. ಮಗ, ಸೊಸಿ ಆಕಿ ಜೋಡಿ ವಿದ್ಯಾಪೀಠಕ್ಕ ಹೋದರು.

ಅವತ್ತು ಮಧ್ಯಾಹ್ನ ಜ್ವಾಳ ಹಸನ ಮಾಡಕೋತ ಕುಂತಿದ್ದೆ. ಬಾಜೂ ಮನಿಯಾಕಿ ಬಂದು ಅರಿವಿ ಮುಚ್ಚಿದ ರೊಟ್ಟಿ ಬುಟ್ಟಿ ಹೊಸ್ತಿಲದಾಗ ಇಟ್ಟಳು.

"ಯಾತಕ್ಕವಾ ಇದು?"

ಗ್ವಾಡಿಗೆ ಆತು ಕುಂತಳು. ಹಿಂದಿನ ಓಣಿಯಾಕಿ ಬಂದಳು. ಮುಚ್ಚಂಡಿಯ ಬೀಗಿತ್ತಿ ಬಂದಳು. ಯಾರೂ ನನ್ನ ಮಾರಿ ನೋಡಲಿಲ್ಲ. ಚಾ ಮಾಡಿ ಕೊಟ್ಟೆ. ಕಪ್ಪಿನಾಗ ಕೆನಿ ಕಟ್ಟಿತು.

"ಯಾಕ, ಚಾದಾಗ ಇಲಿ ಬಿದ್ದದೇನ?"

ಯಾರೂ ನಗಲಿಲ್ಲ. ಕಟ್ಟಿದ ಆಡು ಸೈತ ಒದರಲಿಲ್ಲ.

ಆಮ್ಯಾಲ ಒಬ್ಬೊಬ್ಬರ ಎದ್ದು ಹೋದರು. ದಿನಾ ಐದು ಸಲ ಬಂದು ಐದು ಸಲ "ಬರ್ತೀನಿ" ಅನ್ನೋ ಬಾಜೂ ಮನಿಯಾಕೀನೂ ಬಾಯಿ ಬಿಡದ ಹೋದಳು. ಆಗ ನನ್ನ ಕೈ ನಿಂತವು. ಬರ್ತೀನಿ ಅನ್ನದ ಏಳೂದು ಸಾವಿನ ಮನಿಯಿಂದ. ರೊಟ್ಟಿ ಬುಟ್ಟಿ ಬರೂದು ಒಲಿ ಹಚ್ಚದ ಮನಿಗೆ. ನನ್ನ ಒಲಿ ಉರಿಯಾಕ ಹತ್ತಿತ್ತು.

ಕಡೀಕ ದರಿಬಡಚಿಯಿಂದ ನನ್ನ ತಂಗಿ ಬಂದಳು. ಬಾಗಲದಾಗ ನಿಂತು ಸಣ್ಣ ದನೀಲೆ ಕೇಳಿದಳು, "ಅಕ್ಕಾ, ನಿನಗ ಇನ್ನೂ ಯಾರೂ ಹೇಳಿಲ್ಲೇನ?"

"ಏನ ಹೇಳಬೇಕ?"

"ಸ್ಟ್ಯಾಂಡಿನಾಗ ಹುಡುಗಿ ಫೋಟೋ ಹಾಕ್ಯಾರ. ಮೈಮ್ಯಾಲ ಕರೀ ಅರಿವಿ. ಸುತ್ತ ಹೂವು." ಸೆರಗು ಬಾಯಿಗೆ ಒತ್ತಿಕೊಂಡಳು.

ನಾನ ಹಾಕ್ರಿ ಅಂದ ಫೋಟೋ ಅದು. ಗೊತ್ತಿತ್ತು. ಗೊತ್ತಿದ್ದೂ ಫೋನ್ ಹಚ್ಚಿದೆ. ಮೊಮ್ಮಗಳ ಫೋನ್ ಬಂದ್. ಮಗಂದು ಬಂದ್. ಸೊಸಿದೂ ಬಂದ್. ತಂಗೀನೂ ಬರ್ತೀನಿ ಅನ್ನದ ಎದ್ದು ಹೋದಳು. ರೊಟ್ಟಿ ಬುಟ್ಟಿ ನೋಡಕೋತ ಕುಂತೆ.

ಹೊತ್ತು ಮುಳುಗೋ ಮುಂದ ಫೋನ್ ಬಂತು.

"ಆಯಿ, ಭಾಷಣ ಮುಗೀತು! ಸಭಾದಾಗ ಫೋನ್ ಬಂದ್ ಇಡ್ರಿ ಅಂದಿದ್ದರು."

"ಸುಡು ಆ ಕರೀ ಅರಿವಿ."

"ಅದು ಪದವಿ ತಗೊಂಡಾಗಿನ ಕರೀ ಗೌನು ಆಯಿ, ಹಳೀ ಫೋಟೋ. ಯಾಕ, ಚಲೋ ಕಾಣೂದಿಲ್ಲೇನ?" ನಕ್ಕಳು. "ಆತು, ಇಡತೀನಿ."

"ಬರ್ತೀನಿ ಅನ್ನು."

"ಫೋನಿನಾಗ?"

"ಅನ್ನಂದ್ರ ಅನ್ನು."

ಅಂದಳು.

ಮರುದಿನ ಮುಂಜಾನೆ ಆ ರೊಟ್ಟಿ ಆಡಿಗೆ ಹಾಕಿದೆ. ಬಂದುಹೋದ ನಾಕೂ ಮಂದಿನ್ನ ಮತ್ತ ಮನಿಗೆ ಎಳಕೊಂಡು ಬಂದೆ, ತಂಗಿ, ಬೀಗಿತ್ತಿ ಸಲುವಾಗಿ ಬಸ್ ಹತ್ತಿ ದರಿಬಡಚಿಗೂ ಮುಚ್ಚಂಡಿಗೂ ಹೋದೆ. ಚಾ ಕುಡಿಸಿದೆ. ಹೊಸ್ತಿಲದಾಗ ಅಡ್ಡ ನಿಂತು, ಬರ್ತೀನಿ ಅಂದಾಕೀಗಷ್ಟ ದಾರಿ ಬಿಟ್ಟೆ.