ಗೇಟಿನ ಮುಂದಿನ ಸಭೆ

ಹೆಲ್ಮೆಟ್ ತೆಗೆದರೆ ಹಣೆಗೆ ಅಡ್ಡವಾಗಿ ಒಂದು ಕೆಂಪು ಗೆರೆ, ಅದರ ಕೆಳಗೆ ಅರ್ಧ ಅಳಿಸಿದ ಕುಂಕುಮ. ನಮ್ಮ ಹೆಡ್‌ಮೇಡಂ ಸ್ಕೂಟಿಯಿಂದ ಇಳಿಯುತ್ತಿದ್ದುದೇ ಯಾರ ಮೇಲೋ ಜಗಳಕ್ಕೆ ಬಂದವರ ಹಾಗೆ. ಮೊದಲ ಸಲ ನೋಡಿದಾಗ, ಈಯಮ್ಮನ ಹತ್ತಿರ ಮಗಳನ್ನು ಬಿಡುವುದು ಹೇಗಪ್ಪಾ ಎಂದು ಹೆದರಿದ್ದೆ.

ನಾವು ಯಾದಗಿರಿ ಕಡೆಯವರು. ಹೆಬ್ಬಗೋಡಿಯಲ್ಲಿ ಒಂದು ರೂಮು ಬಾಡಿಗೆಗೆ ಹಿಡಿದಿದ್ದೆವು, ನಾನು ಗಾರ್ಮೆಂಟ್ಸ್‌ನಲ್ಲಿ ಹೊಲಿಗೆಗಿದ್ದೆ. ಮಗಳು ಅಲ್ಲಿನ ಸರ್ಕಾರಿ ಶಾಲೆಯಲ್ಲಿ ಐದನೆಯ ತರಗತಿ. ಶಾಲೆಯ ಪೋಷಕರ ಸಮಿತಿಯಲ್ಲಿ ನಾನೂ ಇದ್ದೆ. ನಮ್ಮಲ್ಲಿ ಹೆಚ್ಚಿನವರು ಒಂದೇ ಫ್ಯಾಕ್ಟರಿಯವರು; ರಜೆ ಹಾಕಿದರೆ ಸಂಬಳ ಹೋಗುತ್ತದೆಂದು ಹೆಡ್‌ಮೇಡಂ ಸಂಜೆ ಕೆಲಸ ಬಿಡುವ ಹೊತ್ತಿಗೆ ಫ್ಯಾಕ್ಟರಿ ಗೇಟಿನ ಮುಂದೆಯೇ ಸಭೆ ಸೇರಿಸುತ್ತಿದ್ದರು. ಯಾರಾದರೂ ಬಸ್ಸಿನ ಅವಸರದಲ್ಲಿ ಸಭೆಯ ಪುಸ್ತಕಕ್ಕೆ ಸಹಿ ಹಾಕಿ ಹೊರಡಲು ಕೈ ಚಾಚಿದರೆ ಗದರುತ್ತಿದ್ದರು: "ಸೈನ್ ಆಮೇಲೆ ಕಣ್ರೀ. ಮೊದ್ಲು ಬಾಯ್ಬಿಡಿ."

ಆ ವರ್ಷ ಇಲಾಖೆ ಆರು, ಏಳನೆಯ ತರಗತಿಗಳನ್ನು ಹೊಸೂರು ರಸ್ತೆಯಾಚೆಗಿನ ಶಾಲೆಗೆ ಸಾಗಿಸಲು ಹೊರಟಿತು. ಲಾರಿಗಳು ನುಗ್ಗುವ ಆ ರಸ್ತೆಯನ್ನು ಮಗಳು ದಿನಾ ದಾಟಬೇಕಲ್ಲ ಎಂದು ನನಗೆ ಊಟ ಸೇರುತ್ತಿರಲಿಲ್ಲ. ಪೋಷಕರು ಒಪ್ಪಿದ್ದಾರೆ ಎಂದು ಇಲಾಖೆ ವಿಧಾನಸಭೆಗೆ ವರದಿಯನ್ನೂ ಕೊಟ್ಟಾಗಿತ್ತು. ಒಪ್ಪಿದ್ದು ಯಾವಾಗ? ಅಧಿಕಾರಿಯೊಬ್ಬರು ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಶಾಲೆಯಲ್ಲಿ ಸಭೆ ಕರೆದು, ಬಾರದವರನ್ನೆಲ್ಲ ಒಪ್ಪಿದವರ ಜೊತೆ ಸೇರಿಸಿಬಿಟ್ಟಿದ್ದರು.

ತಮ್ಮ ಕೆಲಸಕ್ಕೇ ಕುತ್ತು ಬರಬಹುದೆಂದು ಗೊತ್ತಿದ್ದೂ ಹೆಡ್‌ಮೇಡಂ ಅಂಥ ವರದಿಗಳನ್ನು ಪರಿಶೀಲಿಸುವ ಶಾಸಕರ ಸಮಿತಿಗೆ ಬರೆದರು. ಸಮಿತಿ ಶಾಲೆಗೆ ಬಂದೇಬಿಟ್ಟಿತು. ಈ ತಂದೆತಾಯಿಗೆ ಮಕ್ಕಳ ಚಿಂತೆಯೇ ಇಲ್ಲ, ಕರೆದರೂ ಬರುವುದಿಲ್ಲ ಎಂದು ಅಧಿಕಾರಿ ಅವರಿಗೆ ಹೇಳಿದರಂತೆ. ಹೆಡ್‌ಮೇಡಂ ಶಾಸಕರಿಗೆ ಟೀ ಕೊಡಿಸಿ, ಸಂಜೆಯವರೆಗೆ ಕೂರಿಸಿಕೊಂಡು, ಅಧಿಕಾರಿಯ ಸಮೇತ ನೇರ ನಮ್ಮ ಗೇಟಿಗೆ ಕರೆತಂದರು.

ಬಿಳಿ ಬಟ್ಟೆ ಕಂಡದ್ದೇ ತಡ, ವೋಟಿಗೆ ಬಂದಿದ್ದಾರೆಂದು ತಿಳಿದು ಹೆಂಗಸರೆಲ್ಲ ನಲ್ಲಿ ನೀರಿನ ವಿಷಯಕ್ಕೆ ಅವರನ್ನು ತರಾಟೆಗೆ ತೆಗೆದುಕೊಂಡರು. ಶಾಸಕರು ಕಕ್ಕಾಬಿಕ್ಕಿ. ಹೆಡ್‌ಮೇಡಂ ನಗುತ್ತಲೇ ನನ್ನ ಭುಜ ಹಿಡಿದು ಮುಂದೆ ತಳ್ಳಿದರು.

"ಸಾಹೇಬ್ರು ಸಭೆ ಕರೆದಾಗ ನಾವು ಮಷಿನ್ ಮುಂದ ಇದ್ವಿರೀ ಸರ," ಎಂದೆ. "ಬರಲಿಲ್ಲ ಅಂದ್ರ ಒಪ್ಪೀವಿ ಅಂತ ಹೆಂಗ ಆಗ್ತದರೀ?"

ಸಮಿತಿಯ ಅಧ್ಯಕ್ಷರು ಅಧಿಕಾರಿಯ ಕಡೆ ತಿರುಗಿದರು. ಮುಂದಿನ ಅಧಿವೇಶನದಲ್ಲಿ ಇಲಾಖೆ ಆ ಯೋಜನೆಯನ್ನು ಕೈಬಿಟ್ಟಿತು. ಸುದ್ದಿ ತಂದ ಸಂಜೆ ಹೆಡ್‌ಮೇಡಂ ಗೇಟಿನ ಪಕ್ಕದ ಕಟ್ಟೆಯ ಮೇಲೆ ಕುಸಿದು ಕೂತು, "ಇವತ್ತಾದ್ರೂ ನಿದ್ದೆ ಮಾಡ್ತೀನಿ" ಎಂದರು. ಅವರಿಗೂ ಭಯವಿತ್ತೆಂದು ನನಗೆ ಆಗಲೇ ತಿಳಿದದ್ದು.

ಈಗ ಅವರಿಲ್ಲ. ಮಗಳು ಏಳನೆಯ ತರಗತಿಯನ್ನು ರಸ್ತೆ ದಾಟದೆ ಅದೇ ಶಾಲೆಯಲ್ಲಿ ಮುಗಿಸಿದಳು. ಆ ಎರಡು ವರ್ಷ ಹೊಸೂರು ರಸ್ತೆಯಲ್ಲಿ ಆಂಬ್ಯುಲೆನ್ಸ್ ಕೂಗಿದಾಗ ನಾನು ಒಮ್ಮೆಯೂ ಮಷಿನ್ ಬಿಟ್ಟು ಏಳಲಿಲ್ಲ.