ಶಾಮನೂರು ಹೊಲದ ಪಾಠದ ಗೂಟಗಳು

ಗೌಸ್ ಪೀರ್ ಹದಿನಾರು ವರ್ಷ ನೆಲ ಅಳೆದರು. ಅವರು ಅಳೆದದ್ದರಲ್ಲಿ ಒಂದಾದರೂ ಕಟ್ಟಿದ್ದು ಉಂಟೇ ಎಂದು ಹೆಂಡತಿ ಖತೀಜಾಬೀ ತಮಾಷೆ ಮಾಡುತ್ತಿದ್ದರು. 1962ರ ನಂತರ ಆ ತಮಾಷೆ ನಿಂತಿತು.

ಅವರ ತಂದೆ ಹರಿಹರದಲ್ಲಿ ಹರಿಗೋಲು ಹಾಕುತ್ತಿದ್ದರು. ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗದ ಹುಡುಗರು ತುಂಗಭದ್ರೆಯ ಆಳ ನೋಡಲು ಬಂದಿದ್ದಾಗ, ಅಲುಗಾಡುವ ಹರಿಗೋಲಿನಲ್ಲೂ ಅಳತೆ ಕೋಲನ್ನು ನೆಟ್ಟಗೆ ಹಿಡಿದು ನಿಂತ ಯುವಕ ಗೌಸ್ ಪೀರ್ ಮೇಲೆ ಪ್ರೊಫೆಸರರ ಕಣ್ಣು ಬಿತ್ತು. 1953ರಲ್ಲಿ ಅವರು ವಿಭಾಗದ ಕೆಲಸಕ್ಕೆ ಸೇರಿದರು. ವಿಭಾಗವೆಂದರೆ ಆಗ ತಗಡಿನ ಷೆಡ್ಡು, ನೆಲದ ಏರುತಗ್ಗು ನೋಡುವ ಒಂದು ಲೆವೆಲ್ ಯಂತ್ರ, ಕೊಂಡಿ ಸವೆದ ಅಳತೆ ಸರಪಳಿಗಳು. ಯಂತ್ರ ಒಂದೇ ಇದ್ದುದರಿಂದ ಹುಡುಗರು ಸರದಿಯ ಮೇಲೆ ಅದಕ್ಕೆ ಕಣ್ಣಿಟ್ಟು ನೋಡುತ್ತಿದ್ದರು. ಎದುರಿಗೆ ಕೋಲು ಹಿಡಿದು ನಿಂತ ಗೌಸ್ ಪೀರ್‌ಗೆ ಸರದಿ ಇರಲಿಲ್ಲ.

ಪ್ರತಿ ವರ್ಷ ಜೋಳ ಕೊಯ್ದ ಮೇಲೆ ಶಾಮನೂರಿನ ಹೊರಗೆ ಕ್ಯಾಂಪ್. ಇಲ್ಲದ ಒಂದು ನಾಲೆಗೆ ದಾರಿ ಗುರುತಿಸುವುದು ಹುಡುಗರ ಕೆಲಸ. ನೆಲದ ಇಳಿಜಾರು ನೋಡಿ ಪ್ರೊಫೆಸರೇ ಆರಿಸಿದ ಗೆರೆ ಹುಲಿಗೆಮ್ಮ ಎಂಬ ವಿಧವೆಯ ಹೊಲದ ನಡುವೆ ಹಾಯುತ್ತಿತ್ತು. ಗಂಡ ಸತ್ತ ಮೇಲೆ ಆಕೆಗೆ ಉಳಿದದ್ದು ಅದೊಂದೇ ಹೊಲ. ಮೊದಲ ವರ್ಷ ಆಕೆ ಗೆರೆಯ ಗುರುತಿಗೆ ನೆಟ್ಟ ಗೂಟಗಳನ್ನೆಲ್ಲ ಕಿತ್ತು ಒಲೆಗೆ ಹಾಕಿದರು.

“ಇದು ಪಾಠ, ಅಕ್ಕಾ,” ಎಂದು ಗೌಸ್ ಪೀರ್ ಸಮಾಧಾನ ಹೇಳಿದರು. “ಹುಡುಗ್ರು ಅಳೀತಾರೆ, ಬರ್ಕಂತಾರೆ, ಹೋಗ್ತಾರೆ. ನಾಲೆನೂ ಇಲ್ಲ, ನೀರೂ ಇಲ್ಲ.”

“ಇಲ್ಲದ ನಾಲೆಗೆ ಇಷ್ಟು ಮಂದಿ ಬಿಸ್ಲಾಗೆ ಸಾಯ್ತೀರೇನು?”

“ಅದಕ್ಕೇ ಸಂಬಳ ಕೊಡ್ತಾರೆ.”

ಮರುವರ್ಷದಿಂದ ಆಕೆ ಗೂಟ ಮುಟ್ಟಲಿಲ್ಲ. ಹುಡುಗರಿಗೆ ಮಜ್ಜಿಗೆ ಕೊಡತೊಡಗಿದರು. ಸೂರಪ್ಪ ಎಂಬ ಹುಡುಗ ಎರಡನೇ ಲೋಟ ಕೇಳದೆ ಹೋದದ್ದಿಲ್ಲ.

ಒಂದು ಕ್ಯಾಂಪಿನಲ್ಲಿ ಆಕೆ ಕೇಳಿದರು: “ಪೀರಣ್ಣಾ, ಅಣ್ಣನ ಮನ್ಯಾಗೆ ಎಷ್ಟು ದಿನ ಅಂತ ಇರ್ಲಿ? ಹೊಲದಾಗೇ ಮನೆ ಕಟ್ಟಬೇಕು ಅಂತ ಐತೆ. ಕಟ್ಲಾ, ಬ್ಯಾಡಾ?”

“ಕಟ್ರಿ. ನಾನು ಹೇಳ್ತೀನಲ್ಲ.”

1960ರಲ್ಲಿ ಹೊಲದ ನಡುವೆ, ಗೂಟಗಳ ಪಕ್ಕದಲ್ಲೇ ಎರಡು ಕೋಣೆಯ ಹೆಂಚಿನ ಮನೆ ಎದ್ದಿತು. ಗೋಡೆಯ ಮಣ್ಣನ್ನು ಹುಲಿಗೆಮ್ಮ ತಾವೇ ತುಳಿದಿದ್ದರು.

ಅಷ್ಟರಲ್ಲಿ ವಿಭಾಗಕ್ಕೆ ಕಲ್ಲಿನ ಕಟ್ಟಡ ಬಂದಿತ್ತು. ಅಲ್ಲಿ ಓದಿದವರು ಅಣೆಕಟ್ಟು, ರಸ್ತೆ, ನಾಲೆಗಳ ಕೆಲಸದಲ್ಲಿದ್ದರು. ಕಾಲೇಜಿನ ವಾರ್ಷಿಕೋತ್ಸವದಲ್ಲಿ ಅವರ ಹೆಸರು ಓದುತ್ತಿದ್ದರು. ಸೂರಪ್ಪ ಅವರಲ್ಲೊಬ್ಬರು. 1961ರ ಬೇಸಿಗೆಯಲ್ಲಿ ಅವರು ಸರಪಳಿ, ಬಾವುಟಗಳೊಂದಿಗೆ ಅದೇ ಹೊಲಕ್ಕೆ ಬಂದರು.

ಹುಲಿಗೆಮ್ಮ ನಕ್ಕರು. “ಇನ್ನೂ ಪಾಸಾಗಿಲ್ಲೇನೋ ತಮ್ಮಾ?”

“ಪಾಸಾಗೀನಿ ಅವ್ವಾ. ಈಗ ನೌಕರಿ.”

“ಹೌದೌದು. ಕುಡಿ.”

ಸೂರಪ್ಪ ಎರಡು ಲೋಟ ಕುಡಿದರು. ಮೇಕೆ ಕೆಡವಿದ ಒಂದು ಗೂಟವನ್ನು ಮರುದಿನ ಹುಲಿಗೆಮ್ಮನೇ ನೆಟ್ಟು ನಿಲ್ಲಿಸಿದರು. ನಾಲೆಗೆ ಹೋಗುವ ಜಮೀನುಗಳ ನೋಟಿಸನ್ನು ಚಾವಡಿಯಲ್ಲಿ ಅಂಟಿಸಿದಾಗ ಉಳಿದ ಹೊಲದವರು ತಕರಾರು ಕೊಟ್ಟರು. ಆಕೆ ಕೊಡಲಿಲ್ಲ. ಅದು ಪಾಠವೆಂದು ಊರವರಿಗೇ ತಿಳಿಹೇಳಿದರು. ಮನೆ ತೆರವು ಮಾಡಬೇಕೆಂದು ತಳವಾರ ಬಾಗಿಲಿಗೆ ಬಂದಾಗ ತಕರಾರಿನ ಅವಧಿ ಮುಗಿದಿತ್ತು.

ಆಕೆ ಕಾಲೇಜಿಗೆ ನಡೆದು ಬಂದರು. “ಪಾಠ ಅಂದ್ಯಲ್ಲ ಪೀರಣ್ಣಾ,” ಎಂದರು. ಅಷ್ಟೇ.

ಮರುದಿನ ಗೌಸ್ ಪೀರ್ ರಜೆ ಹಾಕಿ ಹರಿಹರಕ್ಕೆ, ಸೂರಪ್ಪನವರ ನಾಲೆ ಆಫೀಸಿಗೆ ಹೋದರು.

“ಆ ಗೆರೆ ಒಂದೀಟು ಸರಿಸಾಕೆ ಆಗಲ್ವಾ ಸಾಹೇಬ್ರೇ?”

“ಸಾಹೇಬ್ರು ಅನ್ಬ್ಯಾಡ್ರಿ ಪೀರಣ್ಣಾ, ಕೂಡ್ರಿ.” ಸೂರಪ್ಪ ನಕ್ಷೆ ಬಿಡಿಸಿದರು. “ಎಲ್ಲಿಗೆ ಸರಿಸ್ಲಿ? ಮ್ಯಾಲೆ ಹೋದ್ರೆ ನೀರು ಏರಲ್ಲ, ಕೆಳಗೆ ಹೋದ್ರೆ ಊರೇ ಸಿಗುತ್ತೆ. ನಾಲ್ಕು ಕಡೆ ಹಾಕಿ ನೋಡ್ದೆ. ಕೊನೆಗೆ ನಮ್ಮ ಕ್ಯಾಂಪಿನ ಗೆರೆಗೇ ಬಂತು.”

ಗೌಸ್ ಪೀರ್‌ಗೆ ಅದು ಗೊತ್ತಿತ್ತು. ಆ ಗೆರೆಯ ಒಂದೊಂದು ಗೂಟದ ಪಕ್ಕದಲ್ಲೂ ಅವರು ವರ್ಷ ವರ್ಷವೂ ಕೋಲು ಹಿಡಿದು ನಿಂತವರು. ನೀರು ಬಂದರೆ ಅಲ್ಲೇ ಬರಬೇಕು. ನೀರು ಬರುವುದಿಲ್ಲವೆಂದು ನಂಬಿದ್ದರಿಂದ ಅದನ್ನು ಯೋಚಿಸಿರಲಿಲ್ಲ.

“ನಾನು ಹೇಳಿದ್ದೆ ಪೀರಣ್ಣಾ,” ಎಂದರು ಸೂರಪ್ಪ. “ಪಾಸಾಗೀನಿ ಅಂತ ಅವ್ವಗೆ ಹೇಳಿದ್ದೆ.”

1962ರಲ್ಲಿ ಮನೆ ಕೆಡವಿದರು. ಹುಲಿಗೆಮ್ಮ ಹೊಲದ ಮೇಲಿನ ದಿಬ್ಬದಲ್ಲಿ ಒಂದೇ ಕೋಣೆ ಕಟ್ಟಿಕೊಂಡರು. ಹಳೆಯ ಹೆಂಚುಗಳನ್ನು ಭಾನುವಾರಗಳಂದು ಗೌಸ್ ಪೀರ್ ಹೊತ್ತು ಹಾಕಿದರು. ಆ ವರ್ಷದ ವಾರ್ಷಿಕೋತ್ಸವದಲ್ಲಿ ವಿಭಾಗದ ಸಾಧನೆಗಳ ನಡುವೆ ಆ ನಾಲೆಯ ಹೆಸರೂ ಬಂತು. ಅವರು ಆಗ ಹಿಂದೆ ಕುರ್ಚಿ ಸರಿಪಡಿಸುತ್ತಿದ್ದರು.

ಮುಂದಿನ ಕ್ಯಾಂಪಿಗೆ ಪ್ರೊಫೆಸರ್ ಬೇರೆ ಗೆರೆ ಆರಿಸಿದರು. ಅದು ದಿಬ್ಬದ ಬುಡದಲ್ಲಿ ಹಾಯುತ್ತಿತ್ತು. ಹುಲಿಗೆಮ್ಮ ಮಜ್ಜಿಗೆಯ ತಂಬಿಗೆ ಹಿಡಿದು ಇಳಿದು ಬಂದರು. ಲೋಟ ಕೊಡುವ ಮುಂಚೆ ಹುಡುಗರ ಕಡೆ ನೋಡಿದರು.

“ಪಾಸಾದೋರಾ, ಓದೋರಾ?”

“ಓದೋರು ಅಕ್ಕಾ.”

“ಓದ್ಲಿ. ನಿಧಾನಕ್ಕೆ ಓದ್ಲಿ.”

ಗೌಸ್ ಪೀರ್ ಮಜ್ಜಿಗೆ ಕುಡಿದು, ಕೋಲು ಎತ್ತಿಕೊಂಡು ಮುಂದಿನ ಗೂಟಕ್ಕೆ ಹೋದರು.