ಲಿನಕ್ಸ್ ಮಾತಾಡಿದ ಮಧ್ಯಾಹ್ನ

ಬಿ.ದುರ್ಗದ ನಮ್ಮ ಹೈಸ್ಕೂಲಿನ ಕಂಪ್ಯೂಟರ್ ರೂಮಿಗೆ ವರ್ಷದ ಮುಕ್ಕಾಲು ಪಾಲು ಬೀಗ. ಧೂಳು ನುಗ್ಗುತ್ತದೆಂದು ಕಿಟಕಿಗಳಿಗೂ ರಟ್ಟು ಬಡಿದಿದ್ದರು. ಒಳಗಿನ ಮಷೀನುಗಳನ್ನು ನಡೆಸುತ್ತಿದ್ದದ್ದು ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ. ಚಿತ್ರದುರ್ಗದ ಕಂಪ್ಯೂಟರ್ ಸೆಂಟರುಗಳಲ್ಲಿ ಕಲಿಸುವುದು ಇದಲ್ಲ, ಬಿಟ್ಟಿ ಸಿಕ್ಕಿದ್ದನ್ನು ನಮ್ಮ ತಲೆಗೆ ಕಟ್ಟಿದ್ದಾರೆ ಎಂದು ಮೂಗು ಮುರಿಯುವವರಲ್ಲಿ ನಾನೇ ಮೊದಲು.

ದಸರೆ ರಜೆಗೆ ಮುಂಚೆಯೇ ಶಾಲೆಯಲ್ಲಿ ಆಯುಧಪೂಜೆ ಮಾಡಿಬಿಡುವುದು ರೂಢಿ. ಆ ವರ್ಷ ಕಂಪ್ಯೂಟರ್ ಒರೆಸುವ ಕೆಲಸ ನನಗೂ ಚಿಕ್ಕಪ್ಪನ ಮಗಳಿಗೂ ಬಿತ್ತು. ಇಬ್ಬರೂ ಒಂದೇ ವಾರಿಗೆಯವರು, ಒಂದೇ ಬೆಂಚಿನವರು. ಅವಳ ಕಣ್ಣು ಮಂದವಾಗುತ್ತ ಬಂದು, ಆ ಹೊತ್ತಿಗೆ ಪುಸ್ತಕದ ಅಕ್ಷರವೂ ಕಾಣುತ್ತಿರಲಿಲ್ಲ. ಯಾವ ಡಾಕ್ಟರ ಕೈಲೂ ಆಗುವ ಮಾತಲ್ಲವಂತೆ. ರಜೆ ಮುಗಿದ ಕೂಡಲೇ ಶಾಲೆ ಬಿಡಿಸುವುದೆಂದು ಚಿಕ್ಕಪ್ಪ ತೀರ್ಮಾನಿಸಿದ್ದರು. ನನಗೆ ಅವರ ಮೇಲೆ ಎಲ್ಲಿಲ್ಲದ ಸಿಟ್ಟು.

ಆ ಸಿಟ್ಟನ್ನೆಲ್ಲ ಒದ್ದೆ ಬಟ್ಟೆಗೆ ಹಾಕಿ ಕೀಬೋರ್ಡನ್ನು ಗಸಗಸ ಉಜ್ಜಿದೆ. ಮಷೀನು ಚಾಲೂ ಇರುವಾಗ ಉಜ್ಜಬಾರದೆಂದು ಯಾರಿಗೆ ಗೊತ್ತು! ಯಾವ ಯಾವ ಗುಂಡಿ ಒಟ್ಟಿಗೆ ಒತ್ತಿದವೋ, ಒಳಗಿಂದ ಒಂದು ದನಿ ಎದ್ದಿತು.

“ಮನೆ.” ಸ್ವಲ್ಪ ತಡೆದು, “ಕಸದ ಬುಟ್ಟಿ.”

ಗಂಡಸಿನದಲ್ಲ, ಹೆಂಗಸಿನದಲ್ಲ, ಉಸಿರೇ ಇಲ್ಲದ ದನಿ. ಕನ್ನಡವೇ, ಆದರೆ ಬಾಯಿದ್ದವರು ಆಡುವ ಕನ್ನಡವಲ್ಲ. ನಾನು ಬಟ್ಟೆ ಬಿಸಾಕಿ ಬಾಗಿಲಿಗೆ ಓಡಿದೆ. ಅವಳು ಕದಲಲಿಲ್ಲ. ತಡವಿ ಒಂದು ಗುಂಡಿ ಒತ್ತಿದಳು. “ಕ” ಎಂದಿತು. ಇನ್ನೊಂದು ಒತ್ತಿದಳು. “ಮ” ಎಂದಿತು.

“ಲೇ, ಹೊರಗ್ ಬಾರೇ!” ಎಂದು ಕಿರುಚಿದೆ.

“ಸುಮ್ನಿರೇ. ಅದು ಓದ್ತೈತೆ.”

ಸುದ್ದಿ ಕೇಳಿ ಬಿಸಿಯೂಟದ ಅಮ್ಮ ಬಂದು ಮಷೀನಿಗೆ ನಿಂಬೆಹಣ್ಣು ನಿವಾಳಿಸಿ ಎಸೆದರು. ಹೆಡ್ಮಾಸ್ಟರು ಬೀಗ ಜಡಿಯಿರಿ ಎಂದರು. ಗಣಿತದ ಮೇಷ್ಟ್ರು ಮಾತ್ರ ನಕ್ಕುಬಿಟ್ಟರು. ಕಣ್ಣು ಕಾಣದವರಿಗೆ ಪರದೆಯ ಮೇಲಿನದನ್ನು ಓದಿ ಹೇಳಲೆಂದು ಲಿನಕ್ಸಿನೊಳಗೇ ಇಟ್ಟಿರುವ ಅನುಕೂಲವಂತೆ ಅದು. ಮನೆ, ಕಸದ ಬುಟ್ಟಿ ಎಂದದ್ದು ಪರದೆಯ ಮೇಲಿದ್ದ ಪುಟ್ಟ ಚಿತ್ರಗಳ ಹೆಸರಂತೆ. ಕೊಂಡು ತರಬೇಕಿದ್ದರೆ ನಮ್ಮ ಶಾಲೆಯ ಮೆಟ್ಟಿಲು ಹತ್ತುತ್ತಲೇ ಇರಲಿಲ್ಲ. ರಜೆಯಲ್ಲೂ ಮೇಷ್ಟ್ರೇ ಬಂದು ರೂಮು ತೆಗೆದು, ಪಾಠಗಳನ್ನೆಲ್ಲ ಅದರೊಳಗೆ ಹಾಕಿಕೊಟ್ಟರು. ಅವಳು ದಿನವೂ ಹೋದಳು. ನನಗೆ ಆ ದನಿಯ ಪಕ್ಕ ಕೂರಲು ಧೈರ್ಯ ಬರಲಿಲ್ಲ.

ರಜೆ ಮುಗಿದ ದಿನವೇ ಚಿಕ್ಕಪ್ಪ ಟಿಸಿ ಕೇಳಲು ಬಂದರು. ಅವಳೆಲ್ಲಿ ಎಂದದ್ದಕ್ಕೆ ನಾನೇ ರೂಮಿಗೆ ಕರೆದೊಯ್ದೆ. ಬಾಗಿಲು ತಳ್ಳಿದರೆ ಒಳಗೆ ಗವ್ವೆನ್ನುವ ಕತ್ತಲು. ಪರದೆಯನ್ನೂ ಆರಿಸಿದ್ದಳು, ಅದು ಅವಳಿಗೆ ಬೇಕಿರಲಿಲ್ಲ. ಆ ದನಿ ಮಾತ್ರ ಜೀರುಂಡೆಯ ಹಾಗೆ ಒಂದೇ ಸಮನೆ ಹರಿಯುತ್ತಿತ್ತು. ಅದೆಂಥ ವೇಗವೋ, ನನಗೆ ಒಂದು ಪದವೂ ಹಿಡಿಯಲಿಲ್ಲ. ನಡುನಡುವೆ ಅವಳು ನಗುವುದು ಕೇಳಿಸಿತು. ಯಂತ್ರಕ್ಕಿಂತ ಅವಳನ್ನು ಕಂಡೇ ಹೆಚ್ಚು ಹೆದರಿದೆ.

“ಏನವ್ವಾ ಹೇಳ್ತೈತೆ ಅದು?” ಚಿಕ್ಕಪ್ಪ ಹೊಸ್ತಿಲ ಆಚೆಯಿಂದಲೇ ಕೇಳಿದರು.

“ಸಮಾಜದ ಪಾಠ ಅಪ್ಪಾ. ನಿಧಾನಕ್ಕೆ ಓದಿದ್ರೆ ನಂಗೆ ಬ್ಯಾಸರಾಗ್ತೈತೆ, ಅದ್ಕೇ ಜೋರಾಗಿ ಓಡಿಸ್ತೀನಿ.”

ಚಿಕ್ಕಪ್ಪ ಚಪ್ಪಲಿ ಕಳಚಿ ಒಳಗೆ ಕಾಲಿಟ್ಟರು. ಎರಡು ಹೆಜ್ಜೆಗೇ ಯಾವುದಕ್ಕೋ ಎಡವಿ, ಗೋಡೆ ಸಿಗದೆ ಕೈಯಾಡಿಸುತ್ತ ನಿಂತುಬಿಟ್ಟರು.

“ಹೆದರಬ್ಯಾಡಪ್ಪಾ,” ಎಂದಳು ಮಗಳು. “ಎಡಕ್ಕೆ ಸ್ಟೂಲ್ ಐತೆ. ನನ್ ಕೈ ಹಿಡ್ಕಾ.”